ಮರಗಳ ಆಹಾರ: ಮಣ್ಣಿನ ತೇವವೂ ಇಂಗಾಲಾಮ್ಲ ವಾಯುವೂ

ನೆಲದ ಮೇಲೆ ಬಾಳುವ ಪ್ರಾಣಿಗಳು ನೇರವಾಗಿಯೋ ಪರೋಕ್ಷವಾಗಿಯೋ ತಮ್ಮ ಆಹಾರಕ್ಕಾಗಿ ಹಸಿರು ಎಲೆಯನ್ನೇ ಆಶ್ರಯಿಸಿವೆ. ಎಲೆಯಾದರೋ ಸೂರ್ಯನ ಬೆಳಕಿನ ಬಲದಿಂದ, ನೀರು ಮತ್ತು ಇಂಗಾಲಾಮ್ಲ ವಾಯುಗಳನ್ನು ಕೂಡಿಸಿ, ತನಗೆ ಬೇಕಾದ ಸಕ್ಕರೆಯನ್ನು ತಾನೇ ಸಿದ್ಧಪಡಿಸಿಕೊಳ್ಳುತ್ತದೆ. ಈ ಕ್ರಿಯೆಗೆ ದ್ಯುತಿಸಂಶ್ಲೇಷಣೆ ಎಂದು ಹೆಸರು. ಇಂಗಾಲಾಮ್ಲ ವಾಯುವೆಂದರೆ ಇಂದಿನ ಪಠ್ಯಪುಸ್ತಕಗಳು ಇಂಗಾಲದ ಡೈಆಕ್ಸೈಡ್ ಎಂದು ಕರೆಯುವ ಅನಿಲವೇ.

ಈಚೆಗೆ ಒಂದು ಮಾತು ಆಗಾಗ್ಗೆ ಕೇಳಿಬರುತ್ತದೆ. ಕಾರ್ಖಾನೆಗಳ ಮತ್ತು ವಾಹನಗಳ ಹೊಗೆಯಿಂದ ಗಾಳಿಯಲ್ಲಿ ಇಂಗಾಲಾಮ್ಲ ವಾಯುವು ಹೆಚ್ಚಿದರೇನು? ಅದು ಮರಗಳಿಗೆ ಆಹಾರವಲ್ಲವೆ? ಮರಗಳು ಮೊದಲಿಗಿಂತ ಸೊಂಪಾಗಿ ಬೆಳೆದು ಅದನ್ನೆಲ್ಲ ಹೀರಿಬಿಡಲಾರವೆ? ಕೇಳುವುದಕ್ಕೆ ಹಿತವಾದ ಈ ಮಾತು ಎಷ್ಟರಮಟ್ಟಿಗೆ ನಿಜವೆಂಬುದನ್ನು ಇಲ್ಲಿ ವಿಚಾರಿಸೋಣ.

ಮರವು ಮಣ್ಣನ್ನು ತಿಂದು ಬೆಳೆಯುತ್ತದೆಂದು ಬಹುಕಾಲದವರೆಗೆ ಜನರು ನಂಬಿದ್ದರು. ಹದಿನೇಳನೆಯ ಶತಮಾನದಲ್ಲಿ ಬ್ರಸೆಲ್ಸ್ ನಗರದ ವಾನ್ ಹೆಲ್ಮಾಂಟ್ ಎಂಬ ವೈದ್ಯನು ಇದನ್ನು ಪರೀಕ್ಷಿಸಿದನು. ಒಣಗಿಸಿದ ೨೦೦ ಪೌಂಡು ಮಣ್ಣನ್ನು ಒಂದು ದೊಡ್ಡ ಕುಂಡದಲ್ಲಿ ತುಂಬಿ, ೫ ಪೌಂಡು ತೂಗುವ ವಿಲೋ ಗಿಡವನ್ನು ನೆಟ್ಟು, ಅದಕ್ಕೆ ನೀರನ್ನು ಮಾತ್ರ ಎರೆಯುತ್ತ ಬಂದನು. ೫ ವರ್ಷಗಳ ತರುವಾಯ ಮರವು ಸುಮಾರು ೧೬೯ ಪೌಂಡು ತೂಗಿತು; ಮಣ್ಣಿನಲ್ಲಿ ಕಡಮೆಯಾದದ್ದು ಸುಮಾರು ೨ ಔನ್ಸು ಮಾತ್ರ. ಆದುದರಿಂದ ಮರವೆಲ್ಲವೂ ನೀರಿನಿಂದಲೇ ಆದುದೆಂದು ಅವನು ತೀರ್ಮಾನಿಸಿದನು. ಅವನು ತೀರಿಕೊಂಡ ಮೇಲೆ, ೧೬೪೮ರಲ್ಲಿ, ಈ ಪ್ರಯೋಗದ ವಿವರವು ಅಚ್ಚಾಯಿತು.

ಆ ತೀರ್ಮಾನದಲ್ಲಿ ಅರ್ಧ ಸತ್ಯವಿತ್ತು. ಉಳಿದರ್ಧವು ಗಾಳಿಯಲ್ಲಿ ಅಡಗಿತ್ತು. ಎಲೆಯು ಇಂಗಾಲಾಮ್ಲ ವಾಯುವನ್ನು ಬಳಸಿಕೊಳ್ಳುತ್ತದೆಂಬುದನ್ನು ಜಿನೀವಾ ನಗರದ ಸೆನೆಬಿಯರನು ೧೭೮೨ರಲ್ಲಿ ತೋರಿಸಿದನು. ಅದೇ ಊರಿನ ದ ಸೊಸ್ಯೂರನು ೧೮೦೪ರಲ್ಲಿ, ಗಿಡದ ಬೆಳವಣಿಗೆಯಲ್ಲಿ ಇಂಗಾಲಾಮ್ಲ ವಾಯುವಿನೊಡನೆ ನೀರೂ ಸೇರುತ್ತದೆಂಬುದನ್ನು ತೂಕಮಾಡಿ ಸಿದ್ಧಪಡಿಸಿದನು. ಒಣಗಿದ ಮರದ ತೂಕದಲ್ಲಿ ಹೆಚ್ಚುಕಡಮೆ ಅರ್ಧಪಾಲು ಇಂಗಾಲವೇ. ಅದಷ್ಟೂ ಗಾಳಿಯಿಂದ ಬಂದುದು.

ಹಾಗಾದರೆ ಗಾಳಿಯು ಎಲೆಯೊಳಕ್ಕೆ ಹೋಗುವ ದಾರಿ ಯಾವುದು? ಎಲೆಯ ಮೈಮೇಲೆ, ಬಹುತೇಕ ಮರಗಳಲ್ಲಿ ಎಲೆಯ ಕೆಳಮೈಯಲ್ಲಿ, ಕಣ್ಣಿಗೆ ಕಾಣದಷ್ಟು ಸಣ್ಣದಾದ ಅಸಂಖ್ಯಾತ ರಂಧ್ರಗಳಿವೆ. ಇವಕ್ಕೆ ಪತ್ರರಂಧ್ರಗಳೆಂದು ಹೆಸರು. ಒಂದೊಂದು ರಂಧ್ರಕ್ಕೂ ಎರಡೆರಡು ಕಾವಲುಕೋಶಗಳು ಬಾಗಿಲಿನಂತಿವೆ. ಅವು ನೀರನ್ನು ಹೀರಿ ಉಬ್ಬಿದಾಗ ಬಾಗಿಲು ತೆರೆಯುತ್ತದೆ. ನೀರು ಕಳೆದುಕೊಂಡು ಸಡಿಲವಾದಾಗ ಮುಚ್ಚುತ್ತದೆ.

ಮರದ ಕಷ್ಟವೆಲ್ಲವೂ ಈ ಬಾಗಿಲಿನಲ್ಲಿಯೇ ಇದೆ. ಎಲೆಯ ಒಳಗೆ ಸದಾ ತೇವವಿರುತ್ತದೆ. ಇಂಗಾಲಾಮ್ಲ ವಾಯುವನ್ನು ಒಳಕ್ಕೆ ಬಿಟ್ಟುಕೊಳ್ಳಲು ಬಾಗಿಲು ತೆರೆದೊಡನೆಯೇ ಆ ತೇವವು ಆವಿಯಾಗಿ ಹೊರಕ್ಕೆ ಹೋಗುತ್ತದೆ. ವಾಯುವಿನ ಒಂದು ಅಣುವನ್ನು ಸಂಪಾದಿಸುವುದಕ್ಕಾಗಿ ಮರವು ನೀರಿನ ನೂರಾರು ಅಣುಗಳನ್ನು ಕಳೆದುಕೊಳ್ಳಬೇಕಾಗುತ್ತದೆ. ಬೇರುಗಳು ಹೀರಿದ ನೀರಿನಲ್ಲಿ ನೂರಕ್ಕೆ ೯೫ ಪಾಲಿಗಿಂತ ಹೆಚ್ಚು ಹೀಗೆ ಆವಿಯಾಗಿಯೇ ಹೋಗುತ್ತದೆ. ಮರವು ನೀರನ್ನು ಕೊಟ್ಟು ಇಂಗಾಲವನ್ನು ಕೊಳ್ಳುತ್ತದೆಂದರೂ ತಪ್ಪಲ್ಲ.

ಈ ವ್ಯಾಪಾರಕ್ಕೆ ಬಂಡವಾಳವು ಮಣ್ಣಿನ ತೇವ. ಮಣ್ಣಿನ ಕಣಗಳ ಸುತ್ತ ನೀರು ತೆಳುವಾದ ಪೊರೆಯಂತೆ ಅಂಟಿಕೊಂಡಿರುತ್ತದೆ. ಮಣ್ಣು ಒಣಗಿದಷ್ಟೂ ಉಳಿದ ನೀರನ್ನು ಕಣಗಳು ಬಿಗಿಯಾಗಿ ಹಿಡಿದುಕೊಳ್ಳುತ್ತವೆ; ಬೇರುಗಳು ಅದನ್ನು ಸೆಳೆಯಲಾರವು. ಆಗ ಗಿಡದಲ್ಲಿ ಅಬ್ಸಿಸಿಕ್ ಆಮ್ಲವೆಂಬ ರಾಸಾಯನಿಕವು ಹೆಚ್ಚಾಗಿ, ಬಾಗಿಲನ್ನು ಮುಚ್ಚುವಂತೆ ಕಾವಲುಕೋಶಗಳಿಗೆ ಸೂಚನೆಯನ್ನು ಕೊಡುತ್ತದೆ. ಬಾಗಿಲು ಮುಚ್ಚಿದರೆ ನೀರು ಉಳಿಯುತ್ತದೆ, ಆದರೆ ಊಟ ನಿಲ್ಲುತ್ತದೆ. ಹೊರಗೆ ಬಿಸಿಲೂ ವಾಯುವೂ ಬೇಕಾದಷ್ಟಿದ್ದರೂ ಮರವು ಹಸಿದಿರುತ್ತದೆ. ಇದಕ್ಕೆ ವಿರುದ್ಧವಾಗಿ ಮಣ್ಣಿನಲ್ಲಿ ನೀರು ಬಹುದಿನ ನಿಂತರೂ ಕೇಡೇ. ಬೇರುಗಳಿಗೆ ಉಸಿರಾಡಲು ಆಮ್ಲಜನಕ ದೊರೆಯದೆ ಅವು ಕೊಳೆಯತೊಡಗುತ್ತವೆ.

ಮುಂಬಯಿಯ ವಿದ್ಯಾರ್ಥಿಗಳು ಇದರ ನಿದರ್ಶನವನ್ನು ಬೋರಿವಲಿಯ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದಲ್ಲಿ ನೋಡಬಹುದು. ಮಳೆಗಾಲದಲ್ಲಿ ಛತ್ರಿಯಂತೆ ಅಗಲವಾದ ಎಲೆಗಳನ್ನು ಹೊತ್ತ ತೇಗದ ಮರಗಳು ಬೇಸಗೆಯಲ್ಲಿ ಬೋಳಾಗಿ ನಿಲ್ಲುತ್ತವೆ. ಬೆಳಕಿಗೆ ಕೊರತೆಯಿಲ್ಲದ ಕಾಲದಲ್ಲಿಯೇ ಅವು ಎಲೆಗಳನ್ನು ಉದುರಿಸುತ್ತವೆ. ಮಣ್ಣಿನಲ್ಲಿ ತೇವವಿಲ್ಲದಿರುವಾಗ ಎಲೆಯು ಸಂಪಾದಿಸುವುದಕ್ಕಿಂತ ಕಳೆಯುವುದೇ ಹೆಚ್ಚಾಗುವುದರಿಂದ ಅವು ಅಂಗಡಿಯನ್ನೇ ಮುಚ್ಚಿಬಿಡುತ್ತವೆ.

ಇನ್ನು ಇಂಗಾಲಾಮ್ಲ ವಾಯುವಿನ ವಿಚಾರ. ಯಂತ್ರಯುಗಕ್ಕೆ ಮುಂಚೆ ಗಾಳಿಯ ೧೦ ಲಕ್ಷ ಭಾಗಗಳಲ್ಲಿ ಇದು ಸುಮಾರು ೨೮೦ ಭಾಗವಿತ್ತು. ೧೯೫೮ರಲ್ಲಿ ಚಾರ್ಲ್ಸ್ ಕೀಲಿಂಗ್ ಎಂಬ ವಿಜ್ಞಾನಿಯು ಹವಾಯಿ ದ್ವೀಪದ ಮೌನಾ ಲೋವಾ ಬೆಟ್ಟದ ಮೇಲೆ ಅಳೆಯಲಾರಂಭಿಸಿದಾಗ ಸುಮಾರು ೩೧೫ ಭಾಗವಿತ್ತು. ಈಗ ಅದು ೪೨೦ ಭಾಗವನ್ನು ಮೀರಿದೆ. ವಾಯುವು ಹೆಚ್ಚಾದಾಗ ಎಲೆಯ ದ್ಯುತಿಸಂಶ್ಲೇಷಣೆಯು ಸಾಮಾನ್ಯವಾಗಿ ಚುರುಕಾಗುತ್ತದೆ. ಅನೇಕ ಸಸ್ಯಗಳಲ್ಲಿ ಪತ್ರರಂಧ್ರಗಳು ಸ್ವಲ್ಪ ಕಿರಿದಾಗಿ ನೀರಿನ ಉಳಿತಾಯವೂ ಆಗುತ್ತದೆ. ಮೇಲೆ ಹೇಳಿದ ಹಿತವಾದ ಮಾತಿನಲ್ಲಿ ಸತ್ಯವಿರುವುದು ಇಷ್ಟುಮಟ್ಟಿಗೆ.

ಆದರೆ ಎಲೆಯು ಚುರುಕಾದ ಮಾತ್ರಕ್ಕೆ ಮರವು ದಪ್ಪವಾಗುವುದೆಂದು ಹೇಳಲಾಗದು. ಆಸ್ಟ್ರೇಲಿಯಾದ ಸಿಡ್ನಿ ನಗರದ ಪಶ್ಚಿಮಕ್ಕೆ, ಬಲಿತ ನೀಲಗಿರಿ ಮರಗಳ ಕಾಡಿನಲ್ಲಿ, ೨೦೧೨ರಿಂದ ಒಂದು ದೊಡ್ಡ ಪ್ರಯೋಗ ನಡೆಯಿತು. ಮರಗಳ ಸುತ್ತ ಕೊಳವೆಗಳನ್ನು ನಿಲ್ಲಿಸಿ, ೧೦ ಲಕ್ಷಕ್ಕೆ ೧೫೦ ಭಾಗದಷ್ಟು ಹೆಚ್ಚಿನ ಇಂಗಾಲಾಮ್ಲ ವಾಯುವನ್ನು ಬಿಟ್ಟರು. ಎಲೆಗಳು ಹೆಚ್ಚು ಇಂಗಾಲವನ್ನು ಹೀರಿದುವು. ಆದರೆ ಮೊದಲ ನಾಲ್ಕು ವರ್ಷಗಳಲ್ಲಿ ಮರಗಳ ಬೆಳವಣಿಗೆ ಹೆಚ್ಚಲಿಲ್ಲ. ಹೀರಿದ ಹೆಚ್ಚಿನ ಇಂಗಾಲದ ಬಹುಪಾಲು ಮರ ಮತ್ತು ಮಣ್ಣುಗಳ ಉಸಿರಾಟದಿಂದ ಗಾಳಿಗೇ ಮರಳಿತು. ಆ ಮಣ್ಣಿನಲ್ಲಿ ರಂಜಕದ ಅಂಶ ಕಡಮೆಯಿದ್ದುದು ಇದಕ್ಕೆ ಮುಖ್ಯ ಕಾರಣವೆಂದು ವಿಜ್ಞಾನಿಗಳು ತಿಳಿಸಿದ್ದಾರೆ.

ಮತ್ತೊಂದು ತೊಡಕೂ ಉಂಟು. ಇಂಗಾಲಾಮ್ಲ ವಾಯುವು ಹೆಚ್ಚಿದಂತೆ ಭೂಮಿಯ ತಾಪವೂ ಹೆಚ್ಚುತ್ತದೆ. ತಾಪವು ಮಣ್ಣಿನ ತೇವವನ್ನು ಬೇಗನೆ ಆರಿಸುತ್ತದೆ. ಅಮೆರಿಕದ ಮಿನ್ನೆಸೋಟಾ ಸಂಸ್ಥಾನದಲ್ಲಿ ೧೧ ಜಾತಿಯ ಎಳೆಯ ಮರಗಳನ್ನು ಬಯಲಿನಲ್ಲಿಯೇ ೩.೪ ಸೆಂಟಿಗ್ರೇಡ್ ಡಿಗ್ರಿಗಳಷ್ಟು ಹೆಚ್ಚು ಬೆಚ್ಚಗಿರಿಸಿ ಪರೀಕ್ಷಿಸಿದರು. ೨೦೧೮ರಲ್ಲಿ ಪ್ರಕಟವಾದ ಫಲಿತಾಂಶವು ಇದು: ಮಣ್ಣು ತೇವವಾಗಿದ್ದಾಗ ಬೆಚ್ಚನೆಯ ಹವೆಯಿಂದ ದ್ಯುತಿಸಂಶ್ಲೇಷಣೆ ಹೆಚ್ಚಿತು, ಮಣ್ಣು ಒಣಗಿದಾಗ ಅದೇ ಹವೆಯಿಂದ ತಗ್ಗಿತು. ತಂಪು ದೇಶದ ಮರಗಳಿಗೇ ಹೀಗಾದರೆ ತೇವದ ಮಹತ್ತ್ವವನ್ನು ಬೇರೆ ಹೇಳಬೇಕಾಗಿಲ್ಲ. ಇಂಗಾಲಾಮ್ಲ ವಾಯುವು ಒಂದು ಕೈಯಿಂದ ಕೊಟ್ಟುದನ್ನು ಇನ್ನೊಂದು ಕೈಯಿಂದ ಕಸಿದುಕೊಳ್ಳಬಲ್ಲದು.

ತೇವದ ಮಹತ್ತ್ವವನ್ನು ನೀವೇ ಪರೀಕ್ಷಿಸಿ ನೋಡಬಹುದು. ಒಂದೇ ಅಳತೆಯ ಎರಡು ಕುಂಡಗಳಲ್ಲಿ ದಾಸವಾಳದ ಗಿಡಗಳನ್ನು ಬೆಳೆಸಿರಿ. ಒಂದಕ್ಕೆ ದಿನವೂ ನೀರೆರೆಯಿರಿ. ಇನ್ನೊಂದಕ್ಕೆ ಎಲೆಗಳು ತುಸು ಜೋಲುವವರೆಗೆ ಎರೆಯಬೇಡಿರಿ. ಬಳಿಕ ಎರಡರಲ್ಲಿಯೂ ಸಮನಾದ ಎಲೆಗಳುಳ್ಳ ಒಂದೊಂದು ರೆಂಬೆಗೆ ಪಾರದರ್ಶಕವಾದ ಪ್ಲಾಸ್ಟಿಕ್ ಚೀಲವನ್ನು ಕಟ್ಟಿ, ಒಂದು ಗಂಟೆ ಬಿಸಿಲಿನಲ್ಲಿಡಿರಿ. ನೀರುಂಡ ಗಿಡದ ಚೀಲದಲ್ಲಿ ಹನಿಗಳು ಹೆಚ್ಚಾಗಿ ಕಾಣುವುವು. ಬಾಯಾರಿದ ಗಿಡದ ಚೀಲದಲ್ಲಿ ಕಡಮೆಯಾಗಿರುವುವು. ಅದರ ಬಾಗಿಲುಗಳು ಬಹುಮಟ್ಟಿಗೆ ಮುಚ್ಚಿವೆ ಎಂಬುದಕ್ಕೆ ಇದೇ ಸಾಕ್ಷಿ. ಪರೀಕ್ಷೆ ಮುಗಿದೊಡನೆ ಚೀಲಗಳನ್ನು ಬಿಚ್ಚಿ ಬಾಯಾರಿದ ಗಿಡಕ್ಕೆ ನೀರೆರೆಯಲು ಮರೆಯಬೇಡಿರಿ.

ನಗರದ ರಸ್ತೆಬದಿಯ ಮರಗಳ ಸ್ಥಿತಿಯನ್ನು ಈಗ ನೋಡಿರಿ. ಹೊಗೆಯ ನಡುವೆ ನಿಂತಿರುವ ಅವಕ್ಕೆ ಇಂಗಾಲಾಮ್ಲ ವಾಯುವಿನ ಬರವಿಲ್ಲ. ಆದರೆ ಎಷ್ಟೋ ಕಡೆ ಬುಡದವರೆಗೂ ಸಿಮೆಂಟು ಬಳಿದಿರುವುದರಿಂದ ಮಳೆಯ ನೀರು ಬೇರಿಗೆ ಇಳಿಯದೆ ಮೋರಿಯನ್ನು ಸೇರುತ್ತದೆ. ದೆಹಲಿಯಲ್ಲಿ ಮರಗಳ ಸುತ್ತ ೧ ಮೀಟರಿನಷ್ಟು ಜಾಗದ ಕಾಂಕ್ರೀಟನ್ನು ತೆಗೆಯಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಾಧಿಕರಣವು ೨೦೧೩ರಲ್ಲಿ ಆಜ್ಞಾಪಿಸಿದುದು ಇಂತಹ ಸ್ಥಿತಿಯನ್ನು ಕಂಡೇ.

ಮರಗಳು ನಮಗೆ ನೆರವಾಗುತ್ತಿರುವುದು ನಿಜ. ನಾವು ಹೊರಬಿಡುವ ಇಂಗಾಲದ ಒಂದು ಪಾಲನ್ನು ಕಾಡುಗಳು ಇಂದಿಗೂ ಹೀರಿಕೊಳ್ಳುತ್ತಿವೆ. ಆದರೆ ಹೊಗೆಯನ್ನು ಮಿತಿಯಿಲ್ಲದೆ ಹೆಚ್ಚಿಸಿ, ಅದೆಲ್ಲವನ್ನೂ ಮರಗಳು ನುಂಗಲಿ ಎಂದು ಕುಳಿತುಕೊಳ್ಳುವುದು ಸರಿಯಲ್ಲ. ಹೊಗೆಯನ್ನು ಕಡಮೆಮಾಡುವುದು ದೊಡ್ಡವರ, ಸರಕಾರಗಳ ಹೊಣೆ. ಶಾಲೆಯ ಅಂಗಳದ ಒಂದು ಮರದ ಬುಡವನ್ನು ಬಿಡಿಸಿ, ಒಣಗಿದ ತರಗೆಲೆಯನ್ನು ಹೊದಿಸಿ, ಬೇಸಗೆಯಲ್ಲಿ ಕೊಡ ನೀರೆರೆಯುವುದು ನಮ್ಮ ಕೈಲಾಗುವ ಕೆಲಸ.