ಬಿಸಿಯೂಟದ ಅಡುಗೆಯವರಿಗೆ ಅಳತೆಯ ಏಪ್ರನ್: ನಮೂನೆ ತೆಗೆದು ಹೊಲಿಯುವ ಕ್ರಮ

ಅಕ್ಷರ ದಾಸೋಹದ ಅಡುಗೆ ಮನೆಗಳಲ್ಲಿ ಏಪ್ರನ್ ಇಲ್ಲವೆಂದಲ್ಲ. ಅನೇಕ ಕಡೆ ಅದು ಮೊಳೆಗೆ ತೂಗಿರುತ್ತದೆ. ಧರಿಸದಿರುವುದನ್ನು ಅಡುಗೆಯವರ ನಿರ್ಲಕ್ಷ್ಯವೆಂದು ಟಿಪ್ಪಣಿ ಬರೆಯುವುದು ಸುಲಭ. ಆದರೆ ಅಂಗಡಿಯಲ್ಲಿ ದೊರೆಯುವ ಏಪ್ರನ್ ಸಾಮಾನ್ಯವಾಗಿ ಪ್ಯಾಂಟು ಷರ್ಟು ತೊಟ್ಟವರ ಮೈಗೆ ಕತ್ತರಿಸಿದ್ದು. ಸೀರೆಯುಟ್ಟು ಒಲೆಯ ಮುಂದೆ ಬಾಗುವವರಿಗೆ ಅದರ ಕೊರಳಪಟ್ಟಿ ಜೋತುಬೀಳುತ್ತದೆ, ಬದಿಗಳು ನೆರಿಗೆಯನ್ನು ಮುಚ್ಚುವುದಿಲ್ಲ, ಸೆರಗು ಹೊರಗೇ ಉಳಿಯುತ್ತದೆ. ಗ್ಯಾಸ್ ಒಲೆಯ ಮುಂದೆ ಮೊದಲು ಬೆಂಕಿ ತಗಲುವುದು ಸೆರಗಿಗೇ.

ದೊಡ್ಡಉಳ್ಳಾರ್ತಿಯಂತಹ ಗ್ರಾಮದಲ್ಲಿ ಇದಕ್ಕೆ ಪರಿಹಾರ ದೂರವಿಲ್ಲ. ಹೊಲಿಗೆ ಬಲ್ಲ ಮಹಿಳೆಯರು ಸಂಜೀವಿನಿ ಸ್ವಸಹಾಯ ಸಂಘಗಳಲ್ಲಿ ಇದ್ದಾರೆ, ಅಳತೆ ಕೊಡಬೇಕಾದವರೂ ಅದೇ ಊರಿನವರು. ಸದಸ್ಯರು ತಿಳಿದಿರಬೇಕಾದುದು ಬಟ್ಟೆಯ ಆಯ್ಕೆ, ಕತ್ತರಿಸುವ ಲೆಕ್ಕ ಮತ್ತು ಪರಿಶೀಲಿಸಬೇಕಾದ ಅಂಶಗಳು.

ಬಟ್ಟೆ ಶುದ್ಧ ಹತ್ತಿಯದಾಗಿರತಕ್ಕದ್ದು, ನೇಯ್ಗೆ ಒತ್ತಾಗಿರಬೇಕು, ಬಣ್ಣ ತಿಳಿಯಾಗಿರಬೇಕು. ಪಾಲಿಯೆಸ್ಟರ್ ಮಿಶ್ರಿತ ಬಟ್ಟೆ ಬೇಗ ಒಣಗುತ್ತದೆ, ಇಸ್ತ್ರಿ ಬೇಡುವುದಿಲ್ಲ, ಆದರೆ ಪಾಲಿಯೆಸ್ಟರ್ ಸುಮಾರು 260 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿ ಚರ್ಮಕ್ಕೆ ಅಂಟುತ್ತದೆ. ಹತ್ತಿಯೂ ಉರಿಯುತ್ತದೆ, ಕರಗುವುದಿಲ್ಲ. ಅಂಗಡಿಯವರ ಮಾತನ್ನಷ್ಟೇ ನಂಬಬೇಕಾಗಿಲ್ಲ: ಅಂಚಿನಿಂದ ಒಂದು ಎಳೆ ಕಿತ್ತು ಬೆಂಕಿಕಡ್ಡಿಗೆ ಹಿಡಿದರೆ ಹತ್ತಿಯ ಎಳೆ ಕಾಗದ ಸುಟ್ಟ ವಾಸನೆ ಬಿಟ್ಟು ಮೃದುವಾದ ಬೂದಿಯಾಗುತ್ತದೆ, ಪಾಲಿಯೆಸ್ಟರ್ ಮುದುರಿ ಗಟ್ಟಿಯಾದ ಗುಂಡಾಗುತ್ತದೆ. ಬೆರಕೆ ಬಟ್ಟೆಯಲ್ಲಿ ಬೂದಿಯ ನಡುವೆ ಗಟ್ಟಿ ಕಣ ಕೈಗೆ ಸಿಗುತ್ತದೆ.

36 ಇಂಚು ಪನ್ನದ ಬಟ್ಟೆಯಾದರೆ ಒಂದು ಏಪ್ರನ್‌ಗೆ 110 ಸೆಂ.ಮೀ. ಸಾಕು. ಪ್ರಧಾನ ಮಂತ್ರಿ ಪೋಷಣ್ ಯೋಜನೆಯ ಮಾನದಂಡದಲ್ಲಿ 25 ಮಕ್ಕಳವರೆಗೆ ಒಬ್ಬರು, 100ರವರೆಗೆ ಇಬ್ಬರು, ಅನಂತರ ಪ್ರತಿ 100 ಮಕ್ಕಳಿಗೆ ಹೆಚ್ಚುವರಿ ಒಬ್ಬರು ಅಡುಗೆಯವರು. 180 ಮಕ್ಕಳ ಶಾಲೆಗೆ ಮೂವರು. ಒಂದು ಒಗೆತಕ್ಕೆ ಹೋದಾಗ ಇನ್ನೊಂದು ಬೇಕಾದ್ದರಿಂದ ತಲಾ ಎರಡರಂತೆ ಆರು ಏಪ್ರನ್, ಅಂದರೆ 6.6 ಮೀಟರ್ ಬಟ್ಟೆ.

ಕತ್ತರಿಸುವ ಮುನ್ನ ಬಟ್ಟೆಯನ್ನು ಒಂದು ರಾತ್ರಿ ನೀರಿನಲ್ಲಿ ನೆನೆಹಾಕಿ, ಒಣಗಿಸಿ, ಇಸ್ತ್ರಿ ಮಾಡಬೇಕು. ಈ ಹಂತವನ್ನು ಬಿಟ್ಟರೆ ಮೊದಲ ಒಗೆತಕ್ಕೇ ಅಳತೆ ಕೆಡುತ್ತದೆ.

ಅಳತೆಗಳು ನಾಲ್ಕು. ಎಲ್ಲವನ್ನೂ ಸೀರೆಯ ಮೇಲೆಯೇ, ಸೆರಗನ್ನು ಹಿಂದಿನಿಂದ ಸುತ್ತಿ ಸೊಂಟಕ್ಕೆ ಸಿಕ್ಕಿಸಿದ ನಂತರ ತೆಗೆಯಬೇಕು. ಕೊರಳ ಗುಳಿಯಿಂದ ಎರಡು ಬೆರಳು ಕೆಳಗೆ ಆರಂಭಿಸಿ ಮೊಣಕಾಲಿನ ಕೆಳಗಿನವರೆಗೆ ಉದ್ದ, ಎದೆಯ ಅಗಲ, ಎದೆಯ ಮೇಲಂಚಿನಿಂದ ಸೊಂಟದವರೆಗಿನ ಎತ್ತರ, ಎರಡೂ ಪಕ್ಕೆಗಳನ್ನು ಮುಚ್ಚುವಷ್ಟು ಸೊಂಟದ ಅಗಲ. ಉದ್ದ ಇದಕ್ಕಿಂತ ಹೆಚ್ಚಾದರೆ ಕುಕ್ಕರಗಾಲಿನಲ್ಲಿ ಕುಳಿತು ಏಳುವಾಗ ಕಾಲಿಗೆ ತೊಡರುತ್ತದೆ.

ಉದಾಹರಣೆಗೆ ಈ ಅಳತೆಗಳು ಕ್ರಮವಾಗಿ 33, 11, 10 ಮತ್ತು 28 ಇಂಚು ಎನ್ನೋಣ. ಹಳೆಯ ದಿನಪತ್ರಿಕೆಯ ಹಾಳೆಗಳನ್ನು ಗಂಜಿಯಿಂದ ಅಂಟಿಸಿ ಅರ್ಧ ನಮೂನೆಯನ್ನು ಮಾತ್ರ ಬರೆಯಬೇಕು. ಮಡಿಕೆಗೆ ಸೇರಿಸಿ ಉದ್ದ 36 ಇಂಚು, ಕೆಳ ಅಗಲ 15 ಇಂಚು, ಮೇಲಿನ ಅಗಲ ಆರೂವರೆ ಇಂಚು. ಮೇಲಂಚಿನಿಂದ ಹನ್ನೊಂದೂವರೆ ಇಂಚು ಕೆಳಗೆ, ಹೊರ ಅಂಚಿನಲ್ಲಿ, ಸೊಂಟದ ಗುರುತು. ಮೇಲ್ತುದಿಯಿಂದ ಆ ಗುರುತಿಗೆ ಒಳಬಾಗಿದ ಕಮಾನು ಗೆರೆ ಎಳೆದರೆ ತೋಳಿನ ಭಾಗ ಸಿದ್ಧ. ಕಾಗದದಲ್ಲಿ ತಪ್ಪಾದರೆ ನಷ್ಟವಿಲ್ಲ. ನಮೂನೆಯನ್ನು ಮೈಗೆ ಹಿಡಿದು, ಬಾಗಿ, ಕೈ ಚಾಚಿ ನೋಡಿದ ಮೇಲೆಯೇ ಬಟ್ಟೆಗೆ ಕತ್ತರಿ ಹಾಕತಕ್ಕದ್ದು.

ಮೊದಲು ಬಟ್ಟೆಯ ಒಂದು ಬದಿಯಿಂದ ಎರಡೆರಡು ಇಂಚಿನ ಮೂರು ಉದ್ದ ಪಟ್ಟಿಗಳನ್ನು ಹರಿದು ತೆಗೆಯಬೇಕು. ಹತ್ತಿಬಟ್ಟೆ ಎಳೆಯ ಗುಂಟ ನೇರವಾಗಿ ಹರಿಯುತ್ತದೆ. ಉಳಿದ 30 ಇಂಚನ್ನು ನಡುವೆ ಮಡಿಚಿ, ಮಡಿಕೆಗೆ ನಮೂನೆಯ ಮಡಿಕೆಯಂಚು ಕೂರಿಸಿ ಕತ್ತರಿಸಬೇಕು. ನೆನೆಸಿದಾಗ ಪನ್ನ ಕುಗ್ಗಿದ್ದರೆ ಕೊರತೆಯನ್ನು ಪಟ್ಟಿಗಳ ಅಗಲದಲ್ಲಿ ಕಳೆಯಬೇಕೇ ಹೊರತು ಮೈಭಾಗದಲ್ಲಲ್ಲ. ತೋಳಿನ ಬದಿ ಉಳಿಯುವ ಎರಡು ತುಂಡುಗಳಿಗೆ ಹಳೆಯ ಹತ್ತಿಬಟ್ಟೆಯ ಪದರ ಸೇರಿಸಿದರೆ ಪಾತ್ರೆ ಇಳಿಸುವ ಮಸಿಬಟ್ಟೆಗಳಾಗುತ್ತವೆ. ಜೇಬು ಬೇಡ, ಬಿಸಿ ಸಾರು ಚೆಲ್ಲಿದರೆ ಅಲ್ಲಿ ನಿಲ್ಲುತ್ತದೆ.

ಕಮಾನು ಅಂಚನ್ನು ಸಣ್ಣದಾಗಿ, ಬದಿಗಳನ್ನು ಒಂದು ಇಂಚು, ಮೇಲು ಕೆಳಗಿನ ಅಂಚುಗಳನ್ನು ಒಂದೂವರೆ ಇಂಚು ಮಡಿಚಿ ಹೊಲಿಯಬೇಕು. ಪಟ್ಟಿಗಳನ್ನು ನಾಲ್ಕು ಮಡಿಕೆ ಮಾಡಿ ಹೊಲಿದು, ಎರಡನ್ನು ಸೊಂಟಕ್ಕೂ, ಮೂರನೆಯದನ್ನು ಎರಡು ಭಾಗ ಮಾಡಿ ಕೊರಳಿಗೂ ಜೋಡಿಸಬೇಕು. ಜೋಡಣೆಯಲ್ಲಿ ಚೌಕ ಹೊಲಿಗೆ, ಅದರೊಳಗೆ ಅಡ್ಡಗೆರೆ ಹಾಕಿದರೆ ಕಿತ್ತುಬರುವುದಿಲ್ಲ.

ಕೊರಳಪಟ್ಟಿಯನ್ನು ಉಂಗುರದಂತೆ ಕೂಡಿಸಿ ಹೊಲಿಯುವುದು ವಾಡಿಕೆ. ಇದನ್ನು ಸದಸ್ಯರು ಒಪ್ಪಬಾರದು. ಕುದಿಯುವ ಸಾಂಬಾರು ಮೈಮೇಲೆ ಬಿದ್ದಾಗ ನೆನೆದ ಬಟ್ಟೆ ಬಿಸಿಯನ್ನು ಹಿಡಿದುಕೊಳ್ಳುತ್ತದೆ. ಅದನ್ನು ತಲೆಯ ಮೇಲಿನಿಂದ ಎಳೆದರೆ ಮುಖವೂ ಸುಡುತ್ತದೆ. ಕೊರಳು, ಸೊಂಟ ಎರಡೂ ಕಡೆ ಒಂದೇ ಎಳೆತಕ್ಕೆ ಬಿಚ್ಚುವ ಜಾರುಗಂಟು ಇರಬೇಕು. ಬಿಚ್ಚಿದ ಕೂಡಲೇ ಸುಟ್ಟ ಭಾಗಕ್ಕೆ 20 ನಿಮಿಷ ತಣ್ಣೀರು ಹರಿಸಿ ವೈದ್ಯರ ಬಳಿ ಕಳುಹಿಸಬೇಕು. ಬಟ್ಟೆ ಚರ್ಮಕ್ಕೆ ಅಂಟಿದ್ದರೆ ಕೀಳಬಾರದು.

ಇದೇ ಸಂದರ್ಭದಲ್ಲಿ ಒಂದು ಮಾತು: ಚಳ್ಳಕೆರೆಯ ಉಣ್ಣೆ ಕಂಬಳಿಗೆ ಹೆಸರಿದೆ. ಉಣ್ಣೆಗೆ ಬೆಂಕಿ ಸುಲಭವಾಗಿ ಹತ್ತುವುದಿಲ್ಲ. ಅಡುಗೆ ಮನೆಯ ಬಾಗಿಲ ಬಳಿ ಒಂದು ಕಂಬಳಿ ಇರಿಸಿದರೆ ಸೀರೆಗೆ ಹತ್ತಿದ ಬೆಂಕಿಯನ್ನು ಸುತ್ತಿ ನಂದಿಸಲು ಬರುತ್ತದೆ.

ಮೊದಲಿಗೆ ಒಂದನ್ನೇ ಹೊಲಿಸಿ, ಹತ್ತು ದಿನ ಅಡುಗೆ ಮನೆಯಲ್ಲಿ ಬಳಸಿದ ನಂತರ ಅಡುಗೆಯವರ ಅಭಿಪ್ರಾಯ ಕೇಳಿ ಉಳಿದವನ್ನು ಕತ್ತರಿಸುವುದು ಸೂಕ್ತ. ತಿದ್ದಿದ ಕಾಗದದ ನಮೂನೆಗಳ ಮೇಲೆ ಆಯಾ ಅಡುಗೆಯವರ ಹೆಸರು ಬರೆದು ಶಾಲೆಯ ಕಡತದಲ್ಲಿ ಇರಿಸತಕ್ಕದ್ದು. ಮುಂದಿನ ವರ್ಷ ಅದೇ ಅಳತೆ ಉಪಯೋಗಕ್ಕೆ ಬರುತ್ತದೆ.