ಮಕ್ಕಳ ಕೈ ಕಟ್ಟಿಸಬೇಡಿ

ಮಗು ಪಾಠ ಒಪ್ಪಿಸಲು ನಿಂತರೆ ಸಾಕು, ‘ಕೈ ಕಟ್ಟು, ನೆಟ್ಟಗೆ ನಿಲ್ಲು’ ಎನ್ನುತ್ತೀರಿ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಕಾಳಜಿ ನಿಮ್ಮದು, ಒಪ್ಪಿದೆ. ಆದರೂ ಈ ಅಭ್ಯಾಸ ಬಿಡಿ. ಕೈ ಕಟ್ಟಿಸಿದರೆ ಮಗುವಿನ ಯೋಚನೆಗೂ ತಡೆ ಹಾಕಿದಂತಾಗುತ್ತದೆ.

ಮಾತಾಡುತ್ತ ಕೈಯಾಡಿಸುವುದು ಯಾರನ್ನೋ ನೋಡಿ ಕಲಿತ ಚಾಳಿಯಲ್ಲ. ಹುಟ್ಟಿನಿಂದ ಕಣ್ಣು ಕಾಣದವರೂ ಕೈಯಾಡಿಸುತ್ತಾರೆ, ಕೇಳುವವರಿಗೂ ಕಣ್ಣು ಕಾಣದೆಂದು ಗೊತ್ತಿದ್ದರೂ ಆಡಿಸುತ್ತಾರೆ. ಇದನ್ನು 1998ರಲ್ಲಿ ಸಂಶೋಧಕಿಯರಾದ ಜಾನಾ ಐವರ್ಸನ್ ಮತ್ತು ಸೂಸನ್ ಗೋಲ್ಡಿನ್-ಮೆಡೋ ತೋರಿಸಿಕೊಟ್ಟರು. ಅಂದಮೇಲೆ ಕೈ ಆಡುವುದು ಹೇಳುವವರ ಅನುಕೂಲಕ್ಕೂ ಹೌದು.

ಷಿಕಾಗೊ ವಿಶ್ವವಿದ್ಯಾಲಯದ ಈ ಗೋಲ್ಡಿನ್-ಮೆಡೋ ಮಕ್ಕಳ ಮುಂದಿಟ್ಟ ಲೆಕ್ಕದ ಬಗೆ ನೋಡಿ: 4+3+6 = __+6. ಬಹಳ ಮಕ್ಕಳು ಎಡಗಡೆಯದನ್ನೆಲ್ಲ ಕೂಡಿ 13 ಎಂದು ಬರೆದುಬಿಡುತ್ತಾರೆ. ಹೇಗೆ ಮಾಡಿದೆ ಎಂದರೆ ಬಾಯಲ್ಲೂ ಅದನ್ನೇ ಹೇಳುತ್ತಾರೆ. ಆದರೆ ಕೆಲವರ ಕೈ ಎಡಬದಿಯ ಅಂಕಿಗಳ ಕೆಳಗೊಮ್ಮೆ, ಬಲಬದಿಯ ಕೆಳಗೊಮ್ಮೆ ಸವರಿ ಹೋಗುತ್ತದೆ. ಎರಡೂ ಬದಿ ಸಮ ಇರಬೇಕೆಂಬ ಸುಳಿವು ಕೈಗೆ ಸಿಕ್ಕಿದೆ, ನಾಲಿಗೆಗಿನ್ನೂ ಸಿಕ್ಕಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತೇವಲ್ಲ, ಹಾಗೆ. ಆ ಹೊತ್ತಿನಲ್ಲಿ ಹೇಳಿಕೊಟ್ಟರೆ ಇಂಥ ಮಕ್ಕಳು ಬೇಗ ಹಿಡಿಯುತ್ತಾರೆ. ನೀವೋ, ಉತ್ತರ ತಪ್ಪೆಂದು ತಲೆಗೆ ಮೊಟಕುತ್ತೀರಿ! ಮೊದಲು ಬೆರಳು ಏನು ಹೇಳುತ್ತಿದೆ ನೋಡಿ. ಕೈಯಾಡಿಸುತ್ತ ಕಲಿತವರಲ್ಲಿ ಕಲಿತದ್ದು 4 ವಾರ ಕಳೆದ ಮೇಲೂ ಉಳಿದಿತ್ತೆಂದು 2008ರಲ್ಲಿ ಪ್ರಕಟವಾದ ಅಧ್ಯಯನವೂ ಇದೆ.

ಬೆರಳ ಗೆಣ್ಣಿನ ಮೇಲೆ ಹೆಬ್ಬೆರಳಿಟ್ಟು ಎಣಿಸುವ ಮಗುವನ್ನೂ ಗದರಬೇಡಿ. ಸಂಗೀತ ಪಾಠದಲ್ಲಿ ಅದನ್ನೇ ಅಲ್ಲವೇ ಕಲಿಸುವುದು? ಆದಿತಾಳಕ್ಕೆ ಒಂದು ತಟ್ಟು, ಕಿರುಬೆರಳು, ಉಂಗುರಬೆರಳು, ನಡುಬೆರಳು, ಆಮೇಲೆ ತಟ್ಟು-ಬೀಸು ಎರಡು ಸಲ. 8 ಎಣಿಕೆಯ ಲೆಕ್ಕವನ್ನು ಕೈ ನೋಡಿಕೊಂಡರೆ ಗಂಟಲು ಹಾಡಿಗೆ ಬಿಡುವಾಗುತ್ತದೆ.

ನಿಮ್ಮ ಕೈಯೂ ಮಾತಿಗೆ ಒಪ್ಪುವಂತಿರಲಿ. ಎಡಕ್ಕೆ ತಿರುಗು ಎನ್ನುತ್ತ ಬಲಗೈ ಚಾಚಿದರೆ ಮಗು ಯಾವುದನ್ನು ನಂಬಬೇಕು?

ಇನ್ನು ಮನೆಯಲ್ಲಿ ಕೂಸಿರುವವರಿಗೆ ಒಂದು ಮಾತು. ವರ್ಷ ತುಂಬುವ ಹೊತ್ತಿಗೆ ಕೂಸು ಕಂಡದ್ದಕ್ಕೆಲ್ಲ ಬೆರಳು ಚಾಚುತ್ತದೆ. ಒಂದು ಅಧ್ಯಯನದಲ್ಲಿ, 14 ತಿಂಗಳಲ್ಲಿ ಕೈಸನ್ನೆಯಿಂದ ಹೆಚ್ಚು ವಿಷಯ ತಿಳಿಸಿದ ಕೂಸುಗಳಿಗೆ ಶಾಲೆ ಸೇರುವ ವಯಸ್ಸಿನಲ್ಲಿ ಹೆಚ್ಚು ಪದಗಳು ಗೊತ್ತಿದ್ದವು. ಮೊಬೈಲಿನಲ್ಲಿ ಮುಖ ಹುದುಗಿಸಿ ಬರಿದೆ ‘ಹ್ಞೂಂ’ ಅನ್ನಬೇಡಿ. ಕೂಸು ತೋರಿಸಿದ ಕಡೆ ತಿರುಗಿ, ‘ಕಾಗೆ, ಅಗೋ ಕಾಗೆ ಹಾರಿತು’ ಎಂದು ಹೆಸರು ಹೇಳಿ. ಫೋನು ಸ್ವಲ್ಪ ಹೊತ್ತು ಪಕ್ಕಕ್ಕಿರಲಿ.