ದಡದವರು ಬರೆಯಬೇಕಾದ ವೇಳಾಪಟ್ಟಿ

ದೋರು ನದಿಯಲ್ಲಿ ಕತ್ತಲಾದ ಮೇಲೆ ಪ್ರವಾಸಿ ಹಡಗುಗಳು ಓಡುವಂತಿಲ್ಲ. ರೈನ್, ಡ್ಯಾನ್ಯೂಬ್ ನದಿಗಳಲ್ಲಿ ಪ್ರಯಾಣಿಕರು ನಿದ್ದೆಯಲ್ಲಿರುವಾಗಲೇ ಹಡಗು ಮುಂದಿನ ಊರು ಸೇರಿರುತ್ತದೆ. ಪೋರ್ಚುಗಲ್‌ನ ಈ ನದಿಯಲ್ಲಿ ಸಂಜೆಯಾದರೆ ರೇಗ್ವದಲ್ಲೋ ಪಿನ್ಯಾಂವ್‌ನಲ್ಲೋ ಗಡಿಯ ಬಾರ್ಕಾ ದಾಲ್ವದಲ್ಲೋ ಧಕ್ಕೆಗೆ ಹಗ್ಗ ಕಟ್ಟಿ ನಿಲ್ಲಲೇಬೇಕು. ನೂರಿಪ್ಪತ್ತು ಮೂವತ್ತು ಜನರನ್ನು ಹೊತ್ತ ಹಡಗು ಇಡೀ ರಾತ್ರಿ ಒಂದು ಪುಟ್ಟ ಊರಿನ ಮಗ್ಗುಲಲ್ಲೇ ಇರುತ್ತದೆ. ನದಿ ದಂಡೆಯ ಊರೊಂದಕ್ಕೆ ಇದಕ್ಕಿಂತ ದೊಡ್ಡ ಅವಕಾಶ ಬೇರೆ ಯಾವುದಿದೆ?

ಅವಕಾಶ ಇದ್ದರೂ ಊರಿಗೆ ಏನೂ ದಕ್ಕದೆ ಹೋಗಬಹುದು. ಈ ಕಣಿವೆಯಲ್ಲಿ ದಡದ ಕಾರ್ಯಕ್ರಮಗಳನ್ನು ಹೊಂದಿಸುವ ಕೆಲಸಕ್ಕೆ ಬಂದ ಮೇಲೆ ನಾನು ಮೊದಲು ಕಂಡದ್ದು ಇದನ್ನೇ. ಹಡಗಿನಿಂದ ಇಳಿದವರು ಎಲ್ಲಿಗೆ ಹೋಗಬೇಕು, ಯಾವ ದ್ರಾಕ್ಷಿತೋಟದಲ್ಲಿ ವೈನ್ ರುಚಿ ನೋಡಬೇಕು, ಊಟ ಎಲ್ಲಿ, ಎಷ್ಟು ಹೊತ್ತಿಗೆ ಮರಳಬೇಕು ಎಂಬುದನ್ನೆಲ್ಲ ಕೂಡಿಸುವ ಕೆಲಸ ಅದು. ನಕ್ಷೆ, ಬಸ್ಸು, ಗಡಿಯಾರ ಇವಿಷ್ಟಿದ್ದರೆ ಸಾಕು ಎಂದು ಹೊರಗಿನಿಂದ ಕಾಣುತ್ತದೆ. ಆದರೆ ನಿಲುಗಡೆ ಎನ್ನುವುದನ್ನು ಹಡಗಿನ ಮೆಟ್ಟಿಲಿನಿಂದ ಆರಂಭಿಸಿ ಕಟ್ಟಿದರೆ ಒಂದು ಬಗೆ, ಊರಿನ ಬಾಗಿಲಿನಿಂದ ಆರಂಭಿಸಿ ಕಟ್ಟಿದರೆ ಇನ್ನೊಂದು ಬಗೆ.

ಮೊದಲು ನದಿಯ ಬಗ್ಗೆ ಒಂದಿಷ್ಟು. ಸ್ಪೇನಿನ ಸೋರಿಯಾ ಪ್ರಾಂತದ ಬೆಟ್ಟಗಳಲ್ಲಿ ಹುಟ್ಟಿ ಸುಮಾರು 900 ಕಿಲೋಮೀಟರ್ ಹರಿದು ಪೋರ್ಟೊ ನಗರದಲ್ಲಿ ಅಟ್ಲಾಂಟಿಕ್ ಸೇರುವ ದೋರು, ಅಣೆಕಟ್ಟು ಬರುವ ಮುಂಚೆ ದೋಣಿಗಳನ್ನು ನುಂಗುವ ನದಿಯಾಗಿತ್ತು. ರಬೆಲೊ ಎಂಬ ಚಪ್ಪಟೆ ತಳದ ದೋಣಿಗಳು ಒಂದೊಂದು ಪೀಪಾಯಿಯಲ್ಲಿ 550 ಲೀಟರಿನಷ್ಟು ವೈನ್ ತುಂಬಿಕೊಂಡು, ಬಂಡೆಗಳ ನಡುವಿನ ಸೆಳೆತದಲ್ಲಿ ಪೋರ್ಟೊ ಎದುರಿನ ಗಾಯಾ ಪಟ್ಟಣದ ಉಗ್ರಾಣಗಳತ್ತ ಇಳಿಯುತ್ತಿದ್ದವು. ವಲೇಯ್ರದ ಸುಳಿಯಲ್ಲಿ 1861ರಲ್ಲಿ ದೋಣಿ ಮುಳುಗಿ ಸತ್ತವನು ಜೋಸೆಫ್ ಜೇಮ್ಸ್ ಫಾರೆಸ್ಟರ್. ಇದೇ ನದಿಯ ಮೊದಲ ವಿವರವಾದ ನಕ್ಷೆಗಳನ್ನು ಬರೆದ ವ್ಯಾಪಾರಿ. ಅದೇ ದೋಣಿಯಲ್ಲಿದ್ದ, ಕಣಿವೆಯ ದ್ರಾಕ್ಷಿತೋಟಗಳ ಒಡತಿ ಡೋನಾ ಅಂಟೋನಿಯಾ ಫೆರೇರಾ ಬದುಕುಳಿದಳು. ಅವಳ ಅಗಲವಾದ ಲಂಗವೇ ನೀರಿನ ಮೇಲೆ ತೇಲಿ ಅವಳನ್ನು ಕಾಪಾಡಿತು, ಅವನ ಸೊಂಟದಲ್ಲಿದ್ದ ಹಣದ ಪಟ್ಟಿ ಅವನನ್ನು ಕೆಳಗೆಳೆಯಿತು ಎಂದು ಕಣಿವೆಯವರು ಇಂದಿಗೂ ಹೇಳುತ್ತಾರೆ.

1970–80ರ ದಶಕಗಳಲ್ಲಿ ಐದು ಅಣೆಕಟ್ಟುಗಳು ಪೂರ್ಣಗೊಂಡು, ಪ್ರತಿಯೊಂದಕ್ಕೂ ಹಡಗು ಏರಿಳಿಸುವ ಜಲಕವಾಟ ಬಂತು. ಕರಪತೆಲೊ ಕವಾಟ ಒಂದೇ ಸಲಕ್ಕೆ ಹಡಗನ್ನು 35 ಮೀಟರ್ ಎತ್ತುತ್ತದೆ. ಸಮುದ್ರದಿಂದ ಸ್ಪೇನಿನ ಗಡಿಯವರೆಗಿನ ಸುಮಾರು 210 ಕಿಲೋಮೀಟರ್ ಜಲಮಾರ್ಗ ಪೂರ್ತಿ ತೆರೆದದ್ದು 1990ರಲ್ಲಿ. ಕವಾಟಗಳ ಅಳತೆಯಿಂದಾಗಿ ಹಡಗಿನ ಉದ್ದ 83 ಮೀಟರ್ ಮೀರುವಂತಿಲ್ಲ. ಕಣಿವೆಗೆ ಇದೊಂದು ದೊಡ್ಡ ಪುಣ್ಯ. ಸಾವಿರಾರು ಜನರನ್ನು ಒಮ್ಮೆಲೇ ಸುರಿಯುವ ಸಮುದ್ರದ ಹಡಗು ಇಲ್ಲಿಗೆ ಯಾವತ್ತೂ ಬರಲಾರದು.

ಹಾಗಿದ್ದೂ ನೂರಿಪ್ಪತ್ತು ಜನ ಎಂದರೆ ಕಡಿಮೆಯಲ್ಲ. ಪಿನ್ಯಾಂವ್ ಸಾವಿರ ಜನವೂ ಇಲ್ಲದ ಊರು. ಪೋರ್ಟ್ ವೈನ್ ಸೀಮೆಯ ನಡುಮಧ್ಯದಲ್ಲಿದೆ. ಸುತ್ತಲೂ ಸ್ಲೇಟಿನಂಥ ಪದರಗಲ್ಲನ್ನು ಒಡೆದು, ಗೋಡೆ ಕಟ್ಟಿ, ಮೆಟ್ಟಿಲುಮೆಟ್ಟಿಲಾಗಿ ಎಬ್ಬಿಸಿದ ದ್ರಾಕ್ಷಿತೋಟಗಳು; 2001ರಲ್ಲಿ ಯುನೆಸ್ಕೊ ಈ ಸೀಮೆಯ ಒಂದು ಭಾಗವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಇಂಥ ಊರಿನ ಧಕ್ಕೆಯಲ್ಲಿ ಬೆಳಿಗ್ಗೆ ನಡೆಯುತ್ತಿದ್ದುದು ಇಷ್ಟೇ: ಹಡಗಿನ ಬುಡಕ್ಕೆ ಬಸ್ಸುಗಳು ಬಂದು ನಿಲ್ಲುತ್ತವೆ, ಪ್ರಯಾಣಿಕರು ಮೆಟ್ಟಿಲಿಳಿದು ನೇರವಾಗಿ ಬಸ್ ಹತ್ತುತ್ತಾರೆ, ದೂರದ ಲಮೇಗೊ ಚರ್ಚಿನ 686 ಮೆಟ್ಟಿಲುಗಳನ್ನೋ ಮತೇಯುಸ್ ಅರಮನೆಯನ್ನೋ ನೋಡಿ ಮಧ್ಯಾಹ್ನದ ಊಟಕ್ಕೆ ಹಡಗಿಗೇ ಮರಳುತ್ತಾರೆ. ಊಟ, ತಿಂಡಿ, ವೈನ್ ಎಲ್ಲವೂ ಟಿಕೆಟ್ಟಿನಲ್ಲೇ ಸೇರಿರುವುದರಿಂದ ಸಂಜೆಯೂ ಹೊರಗೆ ಬರುವ ಕಾರಣವಿಲ್ಲ. ಊರಿನ ಪಾಲಿಗೆ ಉಳಿಯುತ್ತಿದ್ದುದು ಡೀಸೆಲ್ ಹೊಗೆ ಮತ್ತು ನದಿಯ ನೋಟಕ್ಕೆ ಅಡ್ಡ ನಿಂತ ಬಿಳಿಯ ಗೋಡೆ. ಧಕ್ಕೆಯ ಎದುರಿನ ಕಾಫಿ ಅಂಗಡಿಯವರು ಹಡಗುಗಳ ಸಂಖ್ಯೆ ಏರಿದ್ದನ್ನೂ ತಮ್ಮ ಗಲ್ಲಾಪೆಟ್ಟಿಗೆ ಏರದಿದ್ದುದನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಿದ್ದರು.

ಪರಿಹಾರಕ್ಕೆ ದುಡ್ಡು ಬೇಕಾಗಲಿಲ್ಲ. ಬಸ್ಸನ್ನು ಧಕ್ಕೆಗೆ ತರಿಸದೆ ರೈಲು ನಿಲ್ದಾಣದ ಬಳಿ ನಿಲ್ಲಿಸಿದೆವು, ನಡೆಯಲಾಗದವರಿಗೆ ಮಾತ್ರ ಧಕ್ಕೆಯಲ್ಲೇ ಒಂದು ವ್ಯಾನು. ಆ ಕೆಲವೇ ನಿಮಿಷದ ನಡಿಗೆಯಲ್ಲಿ ಊರಿನ ಮುಖ್ಯ ಬೀದಿ ಸಿಗುತ್ತದೆ. 1880ರಲ್ಲಿ ಇಲ್ಲಿಗೆ ರೈಲು ಬಂತು. ನಿಲ್ದಾಣದ ಗೋಡೆಗಳಿಗೆ 1937ರಲ್ಲಿ ಹಚ್ಚಿದ 24 ನೀಲಿ ಹೆಂಚಿನ ಚಿತ್ರಗಳಿವೆ. ಬುಟ್ಟಿ ಹೊತ್ತ ಹೆಂಗಸರು, ಪೀಪಾಯಿ ತುಂಬಿದ ರಬೆಲೊ, ಅಣೆಕಟ್ಟಿಗೆ ಮುಂಚಿನ ನದಿ. ಹಡಗಿನಲ್ಲಿ ಒಂದು ಗಂಟೆ ಉಪನ್ಯಾಸ ಕೊಟ್ಟರೂ ತಲೆಗೆ ಹೋಗದ ಇತಿಹಾಸ ಆ ಗೋಡೆಯ ಮುಂದೆ ಹತ್ತು ನಿಮಿಷ ನಿಂತರೆ ಅರ್ಥವಾಗುತ್ತದೆ. ನಿಲ್ದಾಣದ ಮಗ್ಗುಲಲ್ಲೇ ಬೊಂಫಿಂ ಎಂಬ ಎಸ್ಟೇಟ್ ಇದೆ. ಸಿಮಿಂಗ್ಟನ್ ಕುಟುಂಬದ ತೋಟ, 2015ರಿಂದ ಸಂದರ್ಶಕರಿಗೆ ಬಾಗಿಲು ತೆರೆದಿದೆ. ವೈನ್ ರುಚಿ ನೋಡಲು ಬಸ್ಸೇ ಬೇಕಿರಲಿಲ್ಲ! ನಡೆದು ಹೋದವರು ನಡೆದೇ ಮರಳುತ್ತಾರೆ, ಮರಳುವಾಗ ಅವಸರವಿರುವುದಿಲ್ಲ, ಅಂಗಡಿಯ ಮುಂದೆ ಕಾಲು ತಾನಾಗಿ ನಿಲ್ಲುತ್ತದೆ.

ಎಸ್ಟೇಟುಗಳು ಅತಿಥಿಗಳಿಗೆ ತೆರೆದುಕೊಂಡ ಕತೆ ಕಾನೂನಿನ ಕತೆಯೂ ಹೌದು. 1756ರಲ್ಲಿ ಪ್ರಧಾನಿ ಪೊಂಬಾಲ್ ಮಾರ್ಕ್ವಿಸ್ ಈ ಸೀಮೆಗೆ ಗಡಿ ಗುರುತಿಸಿ, ಮುಂದೆ ಗ್ರಾನೈಟ್ ಕಲ್ಲುಗಳನ್ನು ನೆಡಿಸಿದ. ಜಗತ್ತಿನಲ್ಲಿ ವೈನ್ ಸೀಮೆಗೆ ಹೀಗೆ ಗಡಿ ಹಾಕಿ ನಿಯಮ ಮಾಡಿದ ಅತಿ ಹಳೆಯ ಉದಾಹರಣೆಗಳಲ್ಲಿ ಇದೂ ಒಂದು. ಆದರೆ ಹೊರದೇಶಕ್ಕೆ ಹೋಗುವ ಪೋರ್ಟ್ ವೈನ್ ಗಾಯಾದ ಉಗ್ರಾಣಗಳ ಮೂಲಕವೇ ಹೋಗಬೇಕೆಂಬ ನಿಯಮ ದಶಕಗಳ ಕಾಲ ಇತ್ತು. ಬೆಳೆದವನು ಕಣಿವೆಯಲ್ಲಿ, ಹೆಸರು ಮಾಡಿದವನು ಗಾಯಾದಲ್ಲಿ. 1986ರಲ್ಲಿ ಆ ನಿಯಮ ಸಡಿಲವಾಗಿ, ತೋಟದವರು ತಮ್ಮಲ್ಲೇ ಬಾಟಲಿಗೆ ತುಂಬಿ ನೇರವಾಗಿ ರಫ್ತು ಮಾಡಲು ದಾರಿಯಾಯಿತು. ತಮ್ಮದೇ ಬಾಟಲಿ, ತಮ್ಮದೇ ಚೀಟಿ ಇದ್ದಾಗ ತಾನೆ ಅತಿಥಿಯನ್ನು ಒಳಗೆ ಕರೆಯಲು ಉತ್ಸಾಹ? ನಾಲ್ಕು ವರ್ಷದ ನಂತರ ಜಲಮಾರ್ಗವೂ ತೆರೆಯಿತು. ಇವೆರಡೂ ಹತ್ತಿರ ಹತ್ತಿರ ಬಂದದ್ದು ಕಣಿವೆಯ ಅದೃಷ್ಟ.

ಪಿನ್ಯಾಂವ್‌ನ ಮೇಲಿನ ಬಯಲಿನಲ್ಲಿ ಫವಾಯುಸ್ ಎಂಬ ಊರಿದೆ. ಮಸ್ಕತ್ ದ್ರಾಕ್ಷಿಯ ಸಿಹಿ ವೈನಿಗೂ, ಸೌದೆ ಒಲೆಯಲ್ಲಿ ಬೇಯಿಸುವ ನಾಲ್ಕು ಮೂಲೆಯ ಬ್ರೆಡ್ಡಿಗೂ ಹೆಸರಾದದ್ದು. ಬ್ರೆಡ್ಡು ಮತ್ತು ವೈನ್ ಎರಡಕ್ಕೂ ಸೇರಿ ಅಲ್ಲೊಂದು ವಸ್ತುಸಂಗ್ರಹಾಲಯವಿದೆ. ಆದರೆ ಮನೆಯವರೇ ನಡೆಸುವ ಬೇಕರಿಯೊಳಗೆ ನೂರಿಪ್ಪತ್ತು ಜನ ಹೇಗೆ ನಿಲ್ಲುವುದು? ಹದಿನೈದು ಜನ ನಿಂತರೆ ಒಲೆಯ ಬಾಯಿ ಕಾಣುತ್ತದೆ, ಹಿಟ್ಟು ಮಡಿಸುವ ಕೈ ಕಾಣುತ್ತದೆ, ಪ್ರಶ್ನೆ ಕೇಳಬಹುದು. ಐವತ್ತಾದರೆ ಹಿಂದಿನವರಿಗೆ ಮುಂದಿನವರ ಬೆನ್ನು ಮಾತ್ರ. ಅದಕ್ಕಿಂತ ಮುಖ್ಯವಾಗಿ, ಬೇಯಿಸುವವರ ಕೆಲಸ ಬೆಳಗಿನ ಜಾವಕ್ಕೆ ಆರಂಭವಾಗಿ ಹೊತ್ತೇರುವಷ್ಟರಲ್ಲಿ ಮುಗಿದಿರುತ್ತದೆ. ಹಡಗಿನವರು ಮಧ್ಯಾಹ್ನ ಮೂರು ಗಂಟೆ ಎಂದರೆ ಆರಿದ ಒಲೆಯನ್ನು ನಾಟಕಕ್ಕಾಗಿ ಮತ್ತೆ ಹೊತ್ತಿಸಬೇಕು. ಸಣ್ಣ ಗುಂಪು, ಬೆಳಗಿನ ಹೊತ್ತು ಎಂದು ಹಟ ಹಿಡಿದು ಕುಳಿತಾಗ ಹಡಗಿನ ಕಡೆಯವರಿಗೆ ಮೊದಲು ಕಿರಿಕಿರಿಯಾಯಿತು. ಎಲ್ಲರಿಗೂ ಒಂದೇ ಕಾರ್ಯಕ್ರಮ ಮಾರುವುದು ಅವರಿಗೆ ಸುಲಭ. ಗುಂಪುಗಳನ್ನು ಒಡೆದು, ಒಬ್ಬರನ್ನು ಬ್ರೆಡ್ಡಿಗೆ, ಒಬ್ಬರನ್ನು ತೋಟಕ್ಕೆ, ಒಬ್ಬರನ್ನು ಹಳ್ಳಿಯ ನಡಿಗೆಗೆ ಕಳಿಸಿದ ಮೇಲೆ, ರಾತ್ರಿ ಊಟದ ಮೇಜಿನಲ್ಲಿ ಒಬ್ಬರ ಅನುಭವ ಇನ್ನೊಬ್ಬರಿಗೆ ಹೇಳುವಂಥದ್ದಾಯಿತು. ಮಾರಾಟ ಆಮೇಲೆ ತಾನಾಗಿ ಸುಲಭವಾಯಿತು.

ಬಿಸಲ್ಯಾಯ್ಸ್‌ನ ಕಪ್ಪು ಮಡಕೆಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ವಿಲಾ ರಿಯಾಲ್ ಪಟ್ಟಣದ ಹತ್ತಿರದ ಈ ಹಳ್ಳಿಯಲ್ಲಿ ನೆಲದಲ್ಲಿ ಗುಂಡಿ ತೋಡಿ, ಮೇಲೆ ಸೌದೆ ಸೊಪ್ಪು ಮಣ್ಣು ಮುಚ್ಚಿ, ಹೊಗೆಯಲ್ಲೇ ಮಡಕೆ ಕಪ್ಪಾಗುವಂತೆ ಸುಡುತ್ತಾರೆ. 2016ರಲ್ಲಿ ಯುನೆಸ್ಕೊ ಇದನ್ನು ತುರ್ತಾಗಿ ಉಳಿಸಿಕೊಳ್ಳಬೇಕಾದ ಕಲೆಗಳ ಪಟ್ಟಿಗೆ ಸೇರಿಸಿತು. ಆಗಲೇ ಉಳಿದಿದ್ದ ಕುಂಬಾರರು ಬೆರಳೆಣಿಕೆ, ಹೆಚ್ಚಿನವರು ವಯಸ್ಸಾದವರು. ಅಂಥವರ ಅಂಗಳಕ್ಕೆ ದಿನಾ ಗುಂಪು ನುಗ್ಗಿಸುವುದು ಅನ್ಯಾಯ. ಅವರು ತೋರಿಸುವ ಸಮಯಕ್ಕೆ ಕೂಲಿ ಕೊಡಬೇಕು, ಮಡಕೆ ಕೊಂಡರೂ ಕೊಳ್ಳದಿದ್ದರೂ. ನನ್ನ ಮಟ್ಟಿಗೆ ಇದರಲ್ಲಿ ಚೌಕಾಸಿಯಿಲ್ಲ. ಪ್ರವಾಸಿಗರು ಏನಾದರೂ ಕೊಳ್ಳುತ್ತಾರೆ ಬಿಡಿ ಎಂಬ ಮಾತಿನ ಮೇಲೆ ಎಪ್ಪತ್ತು ದಾಟಿದ ಕುಶಲಕರ್ಮಿಯ ಬೆಳಗನ್ನು ಪುಕ್ಕಟೆ ಕೇಳುವವರು ಪರಂಪರೆಯ ಹೆಸರೆತ್ತಬಾರದು.

ಮಿತಿಯಿಂದಲೇ ಬೆಲೆ ಬಂದ ಉದಾಹರಣೆ ಕೋವಾ ಕಣಿವೆ. ದೋರುವಿಗೆ ಸೇರುವ ಈ ಸಣ್ಣ ನದಿಗೆ ಅಣೆಕಟ್ಟು ಕಟ್ಟುತ್ತಿದ್ದಾಗ, ಬಂಡೆಗಳ ಮೇಲೆ ಇಪ್ಪತ್ತು ಸಾವಿರ ವರ್ಷಕ್ಕೂ ಹಳೆಯ ಕಾಡೆತ್ತು, ಕುದುರೆ, ಮೇಕೆಗಳ ಕೆತ್ತನೆಗಳಿರುವುದು 1994ರಲ್ಲಿ ಬಯಲಾಯಿತು. ದೇಶದಲ್ಲಿ ದೊಡ್ಡ ಗದ್ದಲವೆದ್ದು ಸರ್ಕಾರ ಅಣೆಕಟ್ಟನ್ನೇ ಕೈಬಿಟ್ಟಿತು. 1998ರಲ್ಲಿ ಅದು ವಿಶ್ವಪರಂಪರೆಯ ತಾಣವಾಯಿತು, 2010ರಲ್ಲಿ ವಸ್ತುಸಂಗ್ರಹಾಲಯ ತೆರೆಯಿತು. ಕೆತ್ತನೆಗಳ ಬಳಿಗೆ ಜೀಪಿನಲ್ಲಿ ಎಂಟೆಂಟು ಜನ ಮಾತ್ರ, ಜೊತೆಗೆ ಮಾರ್ಗದರ್ಶಿ. ಇಡೀ ಹಡಗಿನವರು ಸಂಗ್ರಹಾಲಯ ನೋಡಬಹುದು, ಬಂಡೆಯ ಬಳಿಗೆ ಕೆಲವರು ಮಾತ್ರ. ಈ ನಿಯಮಕ್ಕೆ ಯಾವ ಕಂಪನಿಯ ಒತ್ತಡವೂ ನಡೆಯುವುದಿಲ್ಲ, ನಡೆಯಲೂಬಾರದು. ಎಂಟು ಜನರಲ್ಲಿ ಒಬ್ಬರಾಗಿ ಹೋಗಿಬಂದವರ ಮುಖದ ಬೆಳಕನ್ನು ನೋಡಿದ್ದೇನೆ. ಯಾವ ಅರಮನೆಯ ಭೇಟಿಯೂ ಅದನ್ನು ತಂದಿಲ್ಲ.

ಸೆಪ್ಟೆಂಬರ್ ಬಂತೆಂದರೆ ಎಲ್ಲರಿಗೂ ದ್ರಾಕ್ಷಿ ಕೊಯ್ಲು ಬೇಕು. ಕಲ್ಲಿನ ತೊಟ್ಟಿಯಲ್ಲಿ ಮೊಣಕಾಲವರೆಗೆ ದ್ರಾಕ್ಷಿ, ಹೆಗಲಿಗೆ ಹೆಗಲು ಕೊಟ್ಟು ಸಾಲಾಗಿ ತುಳಿಯುವ ಜನ, ಆಮೇಲೆ ಸಂಗೀತ, ಕುಣಿತ. ಕೆಲವು ಎಸ್ಟೇಟುಗಳಲ್ಲಿ ಇದು ಇಂದಿಗೂ ನಿಜವಾದ ಕೆಲಸ. ಹುದುಗುವಿಕೆ ಅರ್ಧದಲ್ಲಿರುವಾಗ ದ್ರಾಕ್ಷಿಯಿಂದ ಬಟ್ಟಿಯಿಳಿಸಿದ ಸಾರಾಯಿ ಬೆರೆಸಿ ಸಿಹಿ ಉಳಿಸಿಕೊಳ್ಳುವುದೇ ಪೋರ್ಟ್ ವೈನಿನ ಗುಟ್ಟು. ಸಮಯ ಕಡಿಮೆ ಇರುವುದರಿಂದ ಸಿಪ್ಪೆಯ ಬಣ್ಣ ಬೇಗ ಇಳಿಯಬೇಕು, ಅದಕ್ಕೇ ತುಳಿತ. ಬಿಸಿಲು ನಲವತ್ತು ಡಿಗ್ರಿ ದಾಟುವ, ಒಂಬತ್ತು ತಿಂಗಳು ಚಳಿಗಾಲ ಮೂರು ತಿಂಗಳು ನರಕ ಎಂದು ಗಾದೆಯಿರುವ ಸೀಮೆ ಇದು. ಕೊಯ್ಲಿನವರು ಮುಂಜಾನೆಯಿಂದ ಇಳಿಜಾರಿನಲ್ಲಿ ಬೆನ್ನು ಬಗ್ಗಿಸಿದವರು. ಅವರ ಊಟದ ಹೊತ್ತಿಗೆ ಕ್ಯಾಮೆರಾ ಹಿಡಿದ ಗುಂಪನ್ನು ಬಿಡದಿರುವುದು, ಅತಿಥಿಗಳ ತುಳಿತಕ್ಕೆ ಬೇರೆಯದೇ ತೊಟ್ಟಿ ಇಡುವುದು, ಮೇಸ್ತ್ರಿ ಬೇಡ ಎಂದರೆ ಆ ದಿನದ ಕಾರ್ಯಕ್ರಮ ರದ್ದು ಎಂದು ಒಪ್ಪಂದದಲ್ಲೇ ಬರೆಯುವುದು, ಇವು ನಾನು ಅಲ್ಲಿನ ಮೇಸ್ತ್ರಿಗಳಿಂದಲೇ ಕಲಿತ ಪಾಠ.

ಕರ್ನಾಟಕದ ಗೆಳೆಯರು ಇದನ್ನು ಕೇಳಿದಾಗ ನಮ್ಮಲ್ಲೂ ಆಗಬಹುದೇ ಎನ್ನುತ್ತಾರೆ. 2023ರ ಜನವರಿಯಲ್ಲಿ ವಾರಾಣಸಿಯಿಂದ ದಿಬ್ರುಗಢಕ್ಕೆ 51 ದಿನಗಳ ಗಂಗಾ ವಿಲಾಸ್ ಯಾನ ಹೊರಟಿತು. ನದಿಯಾನಕ್ಕೆ ಭಾರತದಲ್ಲೂ ಜಾಗವಿದೆ. ನಂದಿ ಬೆಟ್ಟದ ಸುತ್ತ ವೈನ್ ತೋಟಗಳಿವೆ, 2007ರಿಂದ ರಾಜ್ಯಕ್ಕೆ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯೂ ಇದೆ. ಅಲ್ಲಿ ನದಿಯಿಲ್ಲ, ಬಸ್ಸಿನಲ್ಲೇ ಹೋಗಬೇಕು ನಿಜ. ಆದರೆ ತೋಟದ ಗೇಟಿನಿಂದ ಭೋಗನಂದೀಶ್ವರನ ಗುಡಿಯವರೆಗೆ, ಅಲ್ಲಿಂದ ಊರಿನ ಹೋಟೆಲಿನವರೆಗೆ ಅತಿಥಿ ಎಲ್ಲಿ ಇಳಿಯುತ್ತಾನೆ, ಎಲ್ಲಿ ನಡೆಯುತ್ತಾನೆ ಎಂಬ ಲೆಕ್ಕ ಪಿನ್ಯಾಂವ್‌ನದ್ದೇ.

ದೋರು ಕಣಿವೆಯಲ್ಲಿ ಈ ಲೆಕ್ಕ ಈಗ ಹೊಟ್ಟೆಪಾಡಿನ ಮಟ್ಟಕ್ಕೆ ಬಂದಿದೆ. ಪ್ರತಿ ವರ್ಷ ಎಷ್ಟು ದ್ರಾಕ್ಷಿರಸವನ್ನು ಪೋರ್ಟ್ ಮಾಡಲು ಬಳಸಬಹುದು ಎಂಬ ಮಿತಿಯನ್ನು ನಿಯಂತ್ರಣ ಸಂಸ್ಥೆ ನಿಗದಿ ಮಾಡುತ್ತದೆ. 2023ರಲ್ಲಿ ಅದು 1,04,000 ಪೀಪಾಯಿ, 2024ರಲ್ಲಿ 90,000, 2025ರಲ್ಲಿ 75,000. ಈ ಪಾಲಿಗೆ ಸಿಗುವ ದರವೇ ಸಣ್ಣ ಬೆಳೆಗಾರನ ವರ್ಷದ ಆಸರೆ. ಉಳಿದ ದ್ರಾಕ್ಷಿ ಅದಕ್ಕಿಂತ ತೀರಾ ಅಗ್ಗಕ್ಕೆ ಹೋಗುತ್ತದೆ. ಮಿತಿ ಇಳಿದಷ್ಟೂ ಮನೆಬಾಗಿಲಲ್ಲಿ ಮಾರುವ ಬಾಟಲಿ, ಆಲಿವ್ ಎಣ್ಣೆ, ಅತಿಥಿಗೆ ಬಡಿಸುವ ಒಂದು ಊಟ ಇವುಗಳ ತೂಕ ಹೆಚ್ಚುತ್ತದೆ. ಹಡಗಿನ ಕಾರ್ಯಕ್ರಮಗಳು ಹೆಚ್ಚಾಗಿ ದೊಡ್ಡ ಹೆಸರಿನ ಎಸ್ಟೇಟುಗಳಿಗೇ ಹೋಗುವುದರಿಂದ, ವಾರಕ್ಕೊಂದು ಸಂಜೆಯ ಊಟವನ್ನಾದರೂ ಹಡಗಿನ ಅಡುಗೆಮನೆಯಿಂದ ಹಳ್ಳಿಗೆ ವರ್ಗಾಯಿಸಿ ಎಂಬುದು ನಮ್ಮ ಈಗಿನ ಬೇಡಿಕೆ. ಮುಂದಿನ ಹಂಗಾಮಿನ ವೇಳಾಪಟ್ಟಿ ಬಹಳ ಮುಂಚೆಯೇ ಅಚ್ಚಾಗಿ ಮಾರಾಟವಾಗಿಬಿಡುತ್ತದೆ. ಅದನ್ನು ಬರೆಯುವ ಮೇಜಿನ ಸುತ್ತ ಸಹಕಾರಿ ಸಂಘದ ಬೆಳೆಗಾರರಿಗೂ ಬ್ರೆಡ್ಡಿನವರಿಗೂ ಕುರ್ಚಿ ಹಾಕಿಸುವ ಕೆಲಸ ನಡೆಯುತ್ತಿದೆ.